ಹಿಮ್ಮಡಿ ಉಜ್ಜುವ ಮೊದಲು ಸ್ವಲ್ಪ ಕೆರಾಟಿನ್ ಕಥೆ

ಬೆಂಗಳೂರಿನ ಪಾರ್ಲರ್ ಬೋರ್ಡುಗಳಲ್ಲಿ ‘ಕೆರಾಟಿನ್’ ಅಂದರೆ ಕೂದಲು ನೀಟಾಗಿ ಇಳಿಬೀಳುವಂತೆ ಮಾಡಿಸಿಕೊಳ್ಳುವುದು, ಅಷ್ಟೇ. ಆದರೆ ಡಿಸೆಂಬರ್ ಬಂತೆಂದರೆ ಇಲ್ಲಿನ ಒಣಗಾಳಿಗೆ ಮೈ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಆಗ ನಮ್ಮ ಬಚ್ಚಲಿನ ಕಾಲುಜ್ಜೋ ಕಲ್ಲಿಗೆ ಕೆಲಸ ಜಾಸ್ತಿ. ಉಜ್ಜಿದಾಗ ಉದುರುವ ಬಿಳಿ ಪುಡಿಯೂ ಬಹುಪಾಲು ಕೆರಾಟಿನ್ ಎಂಬ ಆ ಪ್ರೋಟೀನೇ. ‘ಸತ್ತ ಚರ್ಮ’ ಅಂತ ಅದನ್ನು ಸುಮ್ನೆ ಮೋರಿಗೆ ಬಿಡುತ್ತೇವೆ.

ವಿಜ್ಞಾನಿಗಳೂ ಆ ಪದರವನ್ನು ಬಹಳ ಕಾಲ ಲೆಕ್ಕಕ್ಕೇ ಇಟ್ಟಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಲು ಚರ್ಮದ ತುಂಡಿನ ನೀರು ತೆಗೆದು ತೆಳ್ಳಗೆ ಕೊಯ್ಯಬೇಕು. ಅಷ್ಟರಲ್ಲಿ ಮೇಲ್ಪದರ ಬಿಟ್ಟುಕೊಂಡು ಹೆಣೆದ ಬುಟ್ಟಿಯ ಹಾಗೆ ಕಾಣುತ್ತಿತ್ತು. ಇಷ್ಟು ಸಡಿಲವಾದದ್ದು ಏನನ್ನು ತಡೆದೀತು? 1944ರಲ್ಲಿ ವಿನ್ಸರ್ ಮತ್ತು ಬರ್ಚ್ ಎಂಬ ಸಂಶೋಧಕರು ಆ ಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದರು. ಒಳಗಿನ ನೀರು ಆವಿಯಾಗುವುದು ಸಿಕ್ಕಾಪಟ್ಟೆ ಹೆಚ್ಚಿತು. ನಾವು ಬಚ್ಚಲಲ್ಲಿ ಮಾಡುವುದೂ ಇದೇ ಪ್ರಯೋಗ, ಅಲ್ವಾ? ಬುಟ್ಟಿಯಂಥ ನೋಟ ಕೊಯ್ಯುವ ವಿಧಾನದಿಂದ ಬಂದದ್ದು, ನಿಜವಾದ ಪದರ ಒತ್ತಾಗಿದೆ ಎಂದು 1964ರಲ್ಲಿ ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ವಾದಿಸಿದ. (ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಕೆಟ್ಟ ಹೆಸರನ್ನೂ ಪಡೆದವನು ಈತ.)

ಕೆರಾಟಿನ್ ಒಂದೇ ಅಲ್ಲ. ಮನುಷ್ಯರಲ್ಲಿ ಇದರ 54 ಜೀನ್‌ಗಳಿವೆ. ಯಾವ ಕೆರಾಟಿನ್ನೂ ಒಂಟಿಯಾಗಿ ಹಗ್ಗದ ಹಾಗೆ ಹುರಿಗೊಳ್ಳುವುದಿಲ್ಲ, ಎರಡು ಬಗೆಯವು ಜೊತೆಗೂಡಬೇಕು. ಚರ್ಮದ ತಳದ ಜೀವಕೋಶಗಳಲ್ಲಿ ಕೆರಾಟಿನ್ 5 ಮತ್ತು ಕೆರಾಟಿನ್ 14ರ ಜೋಡಿ. ಕೋಶ ಮೇಲೇರುತ್ತಾ 1 ಮತ್ತು 10ರ ಜೋಡಿ. ಕೊನೆಗೆ ಫಿಲಾಗ್ರಿನ್ ಎಂಬ ಪ್ರೋಟೀನ್ ಈ ಹುರಿಗಳನ್ನು ಕಂತೆ ಕಟ್ಟುತ್ತದೆ. ಕೋಶ ಚಪ್ಪಟೆಯಾಗಿ, ಸತ್ತು, ಗೋಡೆಯ ಇಟ್ಟಿಗೆಯಂತಾಗುತ್ತದೆ. ಇಟ್ಟಿಗೆಗಳ ನಡುವಿನ ಗಾರೆ ಜಿಡ್ಡಿನದು. ನೀರು ಸೋರದಂತೆ ತಡೆಯುವುದು ಮುಖ್ಯವಾಗಿ ಆ ಗಾರೆ, ಎಳೆದಾಟ ತಾಳಿಕೊಳ್ಳುವುದು ಕೆರಾಟಿನ್. ಎಲ್ಲ ಕೀರ್ತಿಯನ್ನೂ ಕೆರಾಟಿನ್‌ಗೆ ಕೊಡುವ ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ಹುರಿ ಕೆಟ್ಟರೆ ಏನಾಗುತ್ತದೆ ಎಂಬುದು 1991ರಲ್ಲಿ ಗೊತ್ತಾಯಿತು. ಅಮೆರಿಕದ ಇಲೇನ್ ಫುಕ್ಸ್ ಅವರ ತಂಡ ಇಲಿಗಳಲ್ಲಿ ಕೆಟ್ಟ ಕೆರಾಟಿನ್ 14 ಇರುವಂತೆ ಮಾಡಿತು. ಅವುಗಳ ಚರ್ಮದಲ್ಲಿ ಬೊಬ್ಬೆಗಳೆದ್ದವು. ಸ್ವಲ್ಪ ಉಜ್ಜಿದರೂ ಮೈಮೇಲೆ ಬೊಬ್ಬೆ ಏಳುವ ಕಾಯಿಲೆಯೊಂದು ಮನುಷ್ಯರಲ್ಲಿದೆ. ಅಂಥ ರೋಗಿಗಳ ಕೆರಾಟಿನ್ ಜೀನ್‌ನಲ್ಲೂ ಅದೇ ವರ್ಷ ದೋಷ ಸಿಕ್ಕಿತು. ಮುಂದೆ 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಇರ್ವಿನ್ ಮೆಕ್ಲೀನ್ ಅವರ ತಂಡ ಫಿಲಾಗ್ರಿನ್ ಜೀನ್‌ನ ದೋಷಕ್ಕೂ ಚರ್ಮ ಒಣಗಿ ತುರಿಸುವ ಎಕ್ಸಿಮಾಗೂ ಇರುವ ನಂಟನ್ನು ತೋರಿಸಿತು. ಅಲ್ಲಿಯವರೆಗೆ ಎಕ್ಸಿಮಾ ಎಂದರೆ ಮುಖ್ಯವಾಗಿ ರೋಗನಿರೋಧಕ ಶಕ್ತಿಯ ಎಡವಟ್ಟು ಎಂಬ ನಂಬಿಕೆ ಇತ್ತು. ಗೋಡೆಯೇ ಸೋರುತ್ತಿರಬಹುದು ಎಂಬ ಮಾತಿಗೆ ಆಮೇಲೆ ತೂಕ ಬಂತು.

ಇನ್ನು ಹಿಮ್ಮಡಿ. ನಮ್ಮ ಬೋರ್‌ವೆಲ್ ನೀರು ಗಡಸು. ಸೋಪು ಅದರಲ್ಲಿ ಸರಿಯಾಗಿ ಕರಗದೆ ಮೈಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಕಲ್ಲಿನ ಉಜ್ಜಾಟ. 1952ರಲ್ಲಿ ಇರ್ವಿನ್ ಬ್ಲ್ಯಾಂಕ್ ಎಂಬ ಸಂಶೋಧಕ ಒಣಗಿದ ಗಡಸು ಚರ್ಮವನ್ನು ಎಣ್ಣೆಯಲ್ಲಿಟ್ಟು ನೋಡಿದ್ದ. ಮೆತ್ತಗಾಗಲಿಲ್ಲ, ನೀರು ಹೀರಿದ ಮೇಲಷ್ಟೇ ಮೆತ್ತಗಾಯಿತು. ಎಣ್ಣೆಯ ಕೆಲಸ ಆ ನೀರು ಹಾರದಂತೆ ನೋಡಿಕೊಳ್ಳುವುದು. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಕಾಲು ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ. ಕಲ್ಲು ಬಚ್ಚಲಲ್ಲೇ ಇದೆ, ಅಪರೂಪಕ್ಕೊಮ್ಮೆ ಕೈಗೆ ಬರುತ್ತದೆ.