ಮಧುಗಿರಿಯ ಬಂಡೆ, ಅಡ್ರಿನಲಿನ್ ಮತ್ತು ಕಬ್ಬಿಣದ ಸರಳು

ತುಮಕೂರು ಜಿಲ್ಲೆಯ ಮಧುಗಿರಿ ಕೋಟೆಯಲ್ಲಿ ಆರಂಭದ ಬಾಗಿಲುಗಳೂ ಮೆಟ್ಟಿಲುಗಳೂ ಯಾರನ್ನೂ ಹೆದರಿಸುವುದಿಲ್ಲ. ಮೇಲೇರಿದಂತೆ ಬರೀ ಬಂಡೆ. ಕಾಲಿಡಲು ಕಲ್ಲಿನಲ್ಲೇ ಕೊರೆದ ಗುಳಿಗಳು, ಅಲ್ಲಲ್ಲಿ ಹಿಡಿಯಲು ಕಬ್ಬಿಣದ ಸರಳು, ಬೆನ್ನ ಹಿಂದೆ ಕಡಿದಾದ ಇಳಿಜಾರು. ಅಂಗೈ ಬೆವರುತ್ತದೆ, ತೊಡೆ ನಡುಗುತ್ತದೆ. ಆದರೂ ಜನ ನಗುತ್ತಾ, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾ ಹತ್ತುತ್ತಾರೆ. ಭಯ ಮತ್ತು ಹಿಗ್ಗು ಒಟ್ಟಿಗೇ ಬರುವುದು ಹೇಗೆ?

ದೇಹದ ಮಟ್ಟಿಗೆ ಇವೆರಡರ ನಡುವಿನ ಅಂತರ ಬಹಳ ಕಡಿಮೆ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಅಮಿಗ್ಡಲಾ ಎಚ್ಚರಗೊಳ್ಳುತ್ತದೆ. ಮಿದುಳಿನ ಇನ್ನೊಂದು ಭಾಗವಾದ ಹೈಪೋಥಲಾಮಸ್‌ ಹೊರಡಿಸಿದ ಸೂಚನೆ ನರಗಳಲ್ಲಿ ಹರಿದು, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಎದೆಬಡಿತ ಏರುತ್ತದೆ, ಶ್ವಾಸನಾಳಗಳು ಅಗಲವಾಗುತ್ತವೆ, ಯಕೃತ್ತು ಸಕ್ಕರೆ ಬಿಡುಗಡೆ ಮಾಡುತ್ತದೆ. ರೋಮದ ಬುಡದ ಪುಟ್ಟ ಸ್ನಾಯುಗಳು ಬಿಗಿದು ಮೈ ಜುಮ್ಮೆನ್ನುತ್ತದೆ. ಕಾದಾಡಲು ಅಥವಾ ಓಡಲು ದೇಹ ನಡೆಸುವ ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಉತ್ಸಾಹ ಉಕ್ಕಿದಾಗಲೂ ನಡೆಯುವುದು ಹೆಚ್ಚುಕಡಿಮೆ ಇದೇ.

ಹಾಗಾದರೆ ಇದು ಭಯವೋ ಸಂತೋಷವೋ ಎಂದು ತೀರ್ಮಾನಿಸುವುದು ಸಂದರ್ಭವನ್ನು ಅಳೆಯುವ ಮಿದುಳು. ಕೆನಡಾದ ಕ್ಯಾಪಿಲಾನೊ ತೂಗುಸೇತುವೆ ಕಣಿವೆಯಿಂದ ಸುಮಾರು 70 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ಡಟನ್ ಮತ್ತು ಆರನ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗ 1974ರಲ್ಲಿ ಪ್ರಕಟವಾಯಿತು. ಸಮೀಕ್ಷೆ ಮಾಡುತ್ತಿದ್ದ ಯುವತಿ ಸೇತುವೆ ದಾಟುತ್ತಿದ್ದ ಗಂಡಸರಿಗೆ ತನ್ನ ಫೋನ್ ಸಂಖ್ಯೆ ಕೊಟ್ಟಳು. ಹೋಲಿಕೆಗೆಂದು ಗಟ್ಟಿಯಾದ ಇನ್ನೊಂದು ತಗ್ಗು ಸೇತುವೆಯ ಮೇಲೂ ಹೀಗೆಯೇ ಮಾಡಲಾಯಿತು. ಅಲ್ಲಿಯವರಿಗಿಂತ ತೂಗಾಡುವ ಸೇತುವೆಯವರೇ ಹೆಚ್ಚಾಗಿ ಕರೆ ಮಾಡಿದರು. ಎತ್ತರ ಹುಟ್ಟಿಸಿದ ಎದೆಬಡಿತವನ್ನು ಅವರು ಆಕರ್ಷಣೆಯೆಂದು ಭಾವಿಸಿದರು ಎಂಬುದು ಸಂಶೋಧಕರ ವಿವರಣೆ. ಅದನ್ನು ಪ್ರಶ್ನಿಸಿದವರೂ ಇದ್ದಾರೆ. ನನಗಂತೂ ಅದರ ತಿರುಳು ಸರಿಯೆನಿಸುತ್ತದೆ.

ಮಧುಗಿರಿಯಲ್ಲಿ ಹಿಗ್ಗಿನ ನಿಜವಾದ ಮೂಲ ಆ ಕಬ್ಬಿಣದ ಸರಳು ಎಂದೇ ನನ್ನ ನಂಬಿಕೆ. ಮನೋವಿಜ್ಞಾನಿ ಮೈಕೆಲ್ ಆಪ್ಟರ್ ಇಂಥ ಭರವಸೆಯನ್ನು ರಕ್ಷಣೆಯ ಚೌಕಟ್ಟು ಎಂದು ಕರೆದರು. ಅಪಾಯ ಕಣ್ಣೆದುರಿಗಿರಬೇಕು, ಅದು ತನ್ನನ್ನು ಮುಟ್ಟದೆಂಬ ಧೈರ್ಯವೂ ಇರಬೇಕು. ಮಳೆಯಲ್ಲಿ ಬಂಡೆ ಜಾರತೊಡಗಿದರೆ ಚೌಕಟ್ಟು ಕಳಚಿ, ಅದೇ ಅಡ್ರಿನಲಿನ್ ಬರೀ ಭಯವಾಗುತ್ತದೆ. ಅಂಥ ದಿನ ಹಿಂದಿರುಗುವವರ ಮಿದುಳು ಸರಿಯಾಗಿಯೇ ಲೆಕ್ಕ ಹಾಕಿದೆ.

ಚೌಕಟ್ಟನ್ನು ಮಾತಿನಿಂದಲೂ ಸ್ವಲ್ಪಮಟ್ಟಿಗೆ ಕಟ್ಟಬಹುದು. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತರೆದುರು ಹಾಡುವ ಮುನ್ನ ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಗಟ್ಟಿಯಾಗಿ ಹೇಳಿಕೊಂಡವರು ‘ನನಗೆ ಆತಂಕವಾಗುತ್ತಿದೆ’ ಎಂದವರಿಗಿಂತ ಚೆನ್ನಾಗಿ ಹಾಡಿದರು. ಹಾಗೆ ಹೇಳಿಕೊಂಡದ್ದರಿಂದ ಅವರ ಎದೆಬಡಿತವೇನೂ ಇಳಿದಿರಲಿಲ್ಲ.