ಕೋಟೆಯ ಕೆಳಗಿನ ಊರು, ಊರಿನ ಮೇಲಿನ ಮಾಡು

ಹಳೇ ಕಟ್ಟಡಗಳ ದುರಸ್ತಿ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ನಾನು ಎರಡು ಫೋಟೊ ತೋರಿಸುತ್ತೇನೆ. ಎರಡರಲ್ಲೂ ಅದೇ ಗುಡ್ಡ, ನೆತ್ತಿಯಲ್ಲಿ ಅದೇ ಕೋಟೆ, ಬುಡದಲ್ಲಿ ಅದೇ ಊರು. ಒಂದರಲ್ಲಿ ಕೋಟೆಗೆ ಮಾಡು ಇದೆ, ಇನ್ನೊಂದರಲ್ಲಿ ಕರಕಲು ತೊಲೆಗಳಷ್ಟೇ. "ಯಾವ ಯುದ್ಧ ಮೇಡಂ ಇದು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೋಟೆ ಅಂದಮೇಲೆ ಯುದ್ಧ ಇರಲೇಬೇಕಲ್ಲ!

ಊರಿನ ಹೆಸರು ಕ್ರಾಸ್ನೊಹೊರ್ಸ್ಕೆ ಪೊಡ್‌ಹ್ರಾಡಿಯೆ. ಸ್ಲೊವಾಕಿಯಾದ ಆಗ್ನೇಯ ಭಾಗದ ಗೆಮೆರ್ ಸೀಮೆಯಲ್ಲಿ, ರೋಜ್ನ್ಯಾವಾ ಎಂಬ ಹಳೇ ಗಣಿ ಪಟ್ಟಣದ ಹತ್ತಿರದ ಹಳ್ಳಿ. ಹೆಸರು ಬಾಯಿಗೆ ಸಿಗುವುದು ಕಷ್ಟ, ಅರ್ಥ ಸುಲಭ. 'ಪೊಡ್' ಅಂದರೆ ಕೆಳಗೆ, 'ಹ್ರಾಡ್' ಅಂದರೆ ಕೋಟೆ. ಆ ದೇಶದಲ್ಲಿ ಇಂಥ 'ಕೋಟೆಕೆಳಗಿನ' ಊರುಗಳು ಬೇಕಾದಷ್ಟಿರುವುದರಿಂದ ಯಾವ ಕೋಟೆ ಅಂತಲೂ ಹೇಳಬೇಕಾಗುತ್ತದೆ. ಇದು ಕ್ರಾಸ್ನಾ ಹೋರ್ಕಾ, ಅಂದರೆ ಚೆಲುವಾದ ಗುಡ್ಡ. ಹಂಗೇರಿಯನ್ನರು ಆ ಸ್ಲಾವ್ ಹೆಸರನ್ನು ಹಾಗೇ ಇಟ್ಟುಕೊಂಡು ತಮ್ಮ ಮಾತಿನ ಬಾಲ ಸೇರಿಸಿ 'ಕ್ರಾಸ್ನಾಹೊರ್ಕಾವಾರಾಲ್ಯಾ' ಅನ್ನುತ್ತಾರೆ. ಅದಕ್ಕೂ ಕೋಟೆಯ ಬುಡ ಅಂತಲೇ ಅರ್ಥ. ಈ ಸೀಮೆ ಮೊದಲು ಹಂಗೇರಿ ರಾಜ್ಯದಲ್ಲಿತ್ತು. ಮೊದಲ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾಕ್ಕೆ ಸೇರಿತು, 1938ರಲ್ಲಿ ಮತ್ತೆ ಹಂಗೇರಿಗೆ ಹೋಯಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ವಾಪಸ್ ಬಂತು. 1993ರಿಂದ ಸ್ಲೊವಾಕಿಯಾ. ಹಂಗೇರಿಯನ್ ಮಾತಾಡುವವರು ಊರಿನಲ್ಲಿ ಇವತ್ತಿಗೂ ಬಹಳ.

ಕೋಟೆಯ ಹೆಸರು 1333ರ ಹೊತ್ತಿಗೆ ದಾಖಲೆಯಲ್ಲಿ ಬರುತ್ತದೆ. ಮೊದಲು ಬೆಬೆಕ್ ಮನೆತನದ ಕೈಯಲ್ಲಿತ್ತು. 16ನೇ ಶತಮಾನದಲ್ಲಿ ತುರ್ಕರ ಭಯ ಹೆಚ್ಚಿದಾಗ ಫಿರಂಗಿಗೆ ತಕ್ಕ ಬುರುಜುಗಳು ಎದ್ದವು. 1578ರಲ್ಲಿ ಪೀಟರ್ ಆಂದ್ರಾಶಿ ಕೋಟೆಯ ಕ್ಯಾಪ್ಟನ್ ಆಗಿ ಬಂದ. 1642ರಲ್ಲಿ ಅದು ಆ ಮನೆತನಕ್ಕೆ ವಂಶಪಾರಂಪರ್ಯವಾಗಿ ಸಿಕ್ಕಿತು. ಕಾವಲಿಗೆ ಬಂದವರು ಯಜಮಾನರಾದರು ಅನ್ನಿ. 1817ರಲ್ಲಿ ಸಿಡಿಲು ಬಡಿದು ಕೋಟೆಗೆ ಬೆಂಕಿ ಬಿತ್ತು. ಅಷ್ಟರಲ್ಲಿ ಗುಡ್ಡ ಹತ್ತಿ ಇಳಿಯುವ ಬದುಕು ಶ್ರೀಮಂತರಿಗೆ ಸಾಕಾಗಿತ್ತು. ಬೆಟ್ಲಿಯಾರ್‌ನಂಥ ಕಡೆ ಬಯಲಿನ ಅರಮನೆಗಳು ಅವರಿಗೆ ಹಿತವಾಗಿದ್ದವು.

ಊರಿಗೆ ಹೋದವರು ಕೋಟೆಯನ್ನಷ್ಟೇ ನೋಡಿ ಬಂದರೆ ನಷ್ಟ. ರಸ್ತೆ ಬದಿಯಲ್ಲಿ, ಮರಗಳ ನಡುವೆ, ಗುಮ್ಮಟದ ಒಂದು ದುಂಡು ಸಮಾಧಿ ಮಂದಿರವಿದೆ. ಡಿಯೊನಿಜ್ ಆಂದ್ರಾಶಿ ತನ್ನ ಹೆಂಡತಿ ಫ್ರಾಂತಿಶ್ಕಾಳಿಗಾಗಿ ಕಟ್ಟಿಸಿದ್ದು. ಆಕೆಯ ತವರಿನ ಹೆಸರು ಹಾಬ್ಲಾವೆಟ್ಸ್, ವಿಯೆನ್ನಾದ ಸಾಮಾನ್ಯ ಮನೆಯವಳು. ಕೌಂಟ್ ಪದವಿಯ ಶ್ರೀಮಂತ ಮನೆತನಕ್ಕೆ ಈ ಮದುವೆ ಸರಿಬರಲಿಲ್ಲ. ಗಂಡ ಹೆಂಡತಿ ಹೆಚ್ಚು ಕಾಲ ಮ್ಯೂನಿಕ್‌ನಲ್ಲೇ ಇದ್ದರು. 1902ರಲ್ಲಿ ಆಕೆ ತೀರಿಕೊಂಡಾಗ ಮ್ಯೂನಿಕ್‌ನ ವಾಸ್ತುಶಿಲ್ಪಿ ರಿಚರ್ಡ್ ಬರ್ನ್‌ಡ್ಲ್‌ನಿಂದ ನಕ್ಷೆ ಮಾಡಿಸಿ, 1904ರ ಹೊತ್ತಿಗೆ ಕೆಲಸ ಮುಗಿಸಿದ. ಒಳಗೆ ಬಗೆಬಗೆಯ ಬಣ್ಣದ ಅಮೃತಶಿಲೆ, ಮೇಲೆ ಬಂಗಾರದ ಬಣ್ಣದ ಮೊಸಾಯಿಕ್, ನಡುವೆ ಬಿಳಿ ಕಲ್ಲಿನ ಶವಪೆಟ್ಟಿಗೆಗಳು. 1913ರಲ್ಲಿ ತೀರಿಕೊಂಡ ಅವನೂ ಅಲ್ಲೇ ಮಲಗಿದ್ದಾನೆ. ಹೊರಗೆ, ಸ್ವಲ್ಪ ದೂರದಲ್ಲಿ, ಅವರ ನಾಯಿ ಟಾಸ್ಸೋನ ಗೋರಿ. ವಂಶದವರ ಪಕ್ಕ ಕೋಟೆಯ ಒಳಗೆ ಸಿಗದ ಜಾಗವನ್ನು ಗಂಡ ಊರ ದಾರಿಯಲ್ಲಿ ಮಾಡಿಕೊಟ್ಟ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಓದು, ದಾಖಲೆಯಲ್ಲ.

ಮೇಲೆ ಕೋಟೆಯ ಪ್ರಾರ್ಥನಾ ಮಂದಿರದಲ್ಲಿ ಇನ್ನೊಬ್ಬ ಹೆಣ್ಣುಮಗಳು. ಜೋಫಿಯಾ ಸೆರೇದಿ, ಸ್ಟೆಫಾನ್ ಆಂದ್ರಾಶಿಯ ಹೆಂಡತಿ, 1708ರಲ್ಲಿ ತೀರಿಕೊಂಡವಳು. ದೇಹ ತಾನಾಗಿ ಒಣಗಿ ಉಳಿದಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅವಳ ಸುತ್ತ ಹುಟ್ಟಿದ ಕಥೆಗಳನ್ನು ಬಿಡೋಣ, ಬೆಂಕಿಯ ಮಾತಿಗೆ ಬರೋಣ.

2012ರ ಮಾರ್ಚ್ 10, ಶನಿವಾರ ಮಧ್ಯಾಹ್ನ. ಗುಡ್ಡದ ಇಳಿಜಾರಿನಲ್ಲಿ ಚಳಿಗಾಲ ಕಳೆದು ಉಳಿದ ಒಣಹುಲ್ಲು. ಗಾಳಿ ಜೋರಾಗಿತ್ತು. ಇಬ್ಬರು ಮಕ್ಕಳು ಸಿಗರೇಟು ಹಚ್ಚಲು ಹೋಗಿ ಹುಲ್ಲಿಗೆ ಕಿಡಿ ತಗುಲಿತು ಅಂತ ಪೊಲೀಸರು ಹೇಳಿದರು. ಬೆಂಕಿ ಗುಡ್ಡ ಹತ್ತಿ ಮಾಡು ಮುಟ್ಟಿತು. ಯಾರ ಫಿರಂಗಿಯೂ ಬೇಕಾಗಲಿಲ್ಲ.

ಆ ಮಾಡಿನ ಹೊದಿಕೆ ಹೇಗಿರುತ್ತದೆ ಗೊತ್ತೇ? ಮಂಗಳೂರು ಹೆಂಚಿನಂತೆ ಮಣ್ಣಿನದಲ್ಲ, ಮರದ್ದು. ಅಲ್ಲಿನ ಭಾಷೆಯಲ್ಲಿ 'ಶಿಂಡೆಲ್'. ಮೊಳಕ್ಕೆ ಚೂರು ಹೆಚ್ಚುಕಡಿಮೆ ಉದ್ದದ ಸೀಳುಹಲಗೆ. ಒಂದು ಅಂಚು ಚೂರಿಯ ಹಾಗೆ ತೆಳು, ಇನ್ನೊಂದು ಅಂಚಿನಲ್ಲಿ ಉದ್ದಕ್ಕೂ ತೋಡು. ಒಂದರ ತೆಳು ಅಂಚನ್ನು ಪಕ್ಕದ್ದರ ತೋಡಿಗೆ ತೂರಿಸಿ ಸಾಲು ಕೂರಿಸುತ್ತಾರೆ. ಮಳೆ, ಹಿಮ ಒಳಗೆ ಇಳಿಯದು, ಆದರೆ ಗಾಳಿ ಆಡುತ್ತದೆ. ಗಾಳಿ ಆಡುವುದರಿಂದಲೇ ಮರ ಕೊಳೆಯದೆ ಬಾಳುತ್ತದೆ. ಕಿಡಿ ಬಂದು ಸಂದಿಯಲ್ಲಿ ಕೂತರೆ ಅದೇ ಗಾಳಿ ಅದನ್ನು ಊದುತ್ತದೆ. ಹೊದಿಕೆಯ ಕೆಳಗೆ ತೊಲೆ ಪಕಾಸಿಗಳ ದೊಡ್ಡ ಅಟ್ಟ, ಶತಮಾನಗಳ ಒಣಮರ. ಸೌದೆ ಒಲೆ ಹಚ್ಚಿದವರಿಗೆ ಇನ್ನು ಬಿಡಿಸಿ ಹೇಳಬೇಕಿಲ್ಲ.

ಮಾಡುಗಳು ಹೋದವು. ಕೋಟೆಯೊಳಗಿನ ಗೋಥಿಕ್ ಶೈಲಿಯ ಅರಮನೆಯಲ್ಲಿದ್ದ ಮ್ಯೂಸಿಯಂ ಪ್ರದರ್ಶನ ಸುಟ್ಟಿತು. ಗಂಟೆಗೋಪುರದ ಮೂರು ಗಂಟೆಗಳು ಕರಗಿ ನೀರಾದವು. ಆದರೆ ವಸ್ತುಸಂಗ್ರಹದ ಹೆಚ್ಚಿನ ಭಾಗ, ಸುಮಾರು ಶೇ. 90ರಷ್ಟು, ಉಳಿಯಿತು. ಜೋಫಿಯಾಳ ದೇಹಕ್ಕೂ ಏನೂ ಆಗಲಿಲ್ಲ.

ಮೇಲೆಲ್ಲ ಉರಿಯುತ್ತಿರುವಾಗ ಕೆಳಗೆ ಹೇಗೆ ಉಳಿದೀತು ಅಂತ ಹುಡುಗರಿಗೆ ನಂಬಿಕೆ ಬರುವುದಿಲ್ಲ. ಆಗ ಮಲೆನಾಡಿನ ಹಳೇ ಮನೆಯ ಮುಚ್ಚಿಗೆ ನೆನಪಿಸುತ್ತೇನೆ. ಅಡಿಕೆ ಸೋಗೆ, ಹುಲ್ಲು ಹೊದೆಸಿದ ಮನೆಗಳಲ್ಲಿ ಹಲಗೆಯ ಮುಚ್ಚಿಗೆ ಮೇಲೆ ಮಣ್ಣು ಹಾಕಿ ಗಟ್ಟಿ ಮಾಡುತ್ತಿದ್ದರು. ಸೋಗೆ ಉರಿದು ಹೋದರೂ ಮಣ್ಣು ಬೆಂಕಿಯನ್ನು ತಡೆದು ಪಣತ (ಭತ್ತದ ಕಣಜ), ಪಾತ್ರೆ, ಪೆಟ್ಟಿಗೆ ಉಳಿಸುತ್ತಿತ್ತು. ಯುರೋಪಿನ ಕೋಟೆಗಳಲ್ಲಿ ಆ ಕೆಲಸ ಕಲ್ಲು ಇಟ್ಟಿಗೆಯ ಕಮಾನು ಛಾವಣಿಯದು. ಕಮಾನಿನ ಬೆನ್ನ ಮೇಲೆ ತುಂಬಿದ ಮಣ್ಣು, ಕಲ್ಲುಚೂರು ಕೆಂಡವನ್ನು ಹೊತ್ತು ಕೂರುತ್ತದೆ. ದುರಸ್ತಿಗೆ ಬಂದವರು "ಇದೇನು ಕಸ" ಅಂತ ಆ ಮಣ್ಣನ್ನು ತೆಗೆದು ಭಾರ ಇಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಂಕಿ ಆರಿದ ಮೇಲೆ ನೀರಿನ ಕಾಟ. ಆರಿಸಲು ಸುರಿದದ್ದು ಆ ತುಂಬುಮಣ್ಣಿಗೆ ಇಳಿದು, ತಿಂಗಳುಗಟ್ಟಲೆ ಗೋಡೆಯಲ್ಲಿ ಜಿನುಗುತ್ತದೆ. ಉಪ್ಪು ಹೊರಬರುತ್ತದೆ, ಗಾರೆ ಉದುರುತ್ತದೆ, ಬೂಸಲು ಹಿಡಿಯುತ್ತದೆ. ಅದರ ಮೇಲೆ ಮಳೆಯೂ ಬಿದ್ದರೆ ಮುಗಿಯಿತು. ಅದಕ್ಕೇ ಇಂಥ ಕಡೆ ಎಲ್ಲಕ್ಕಿಂತ ಮೊದಲು ಎಬ್ಬಿಸಬೇಕಾದದ್ದು ತಾತ್ಕಾಲಿಕ ಮಾಡು, ಚೆಂದ ಆಮೇಲೆ. ಒಂದು ಮಧ್ಯಾಹ್ನ ಹತ್ತಿದ ಬೆಂಕಿ. ಹತ್ತು ವರ್ಷ ಕಳೆದರೂ ಕ್ರಾಸ್ನಾ ಹೋರ್ಕಾ ಮೊದಲಿನಂತೆ ಪ್ರವಾಸಿಗರಿಗೆ ತೆರೆದಿರಲಿಲ್ಲ.

ಆ ಇಬ್ಬರು ಮಕ್ಕಳನ್ನು, ಅವರ ಮೂಲಕ ಇಡೀ ಊರನ್ನು ದೂರುವುದು ಸುಲಭ. ಮಕ್ಕಳು ಇವತ್ತು ಇವರು, ನಾಳೆ ಇನ್ಯಾರೋ. ಕಿಡಿಗೆ ಕಾರಣ ಸಿಗುತ್ತಲೇ ಇರುತ್ತದೆ. ನಾನು ನೋಡುವುದು ಹುಲ್ಲನ್ನು. ಊರಿನ ಕೊನೇ ಮನೆಗೂ ಕೋಟೆಯ ಮೊದಲ ಗೋಡೆಗೂ ನಡುವಿನ ಇಳಿಜಾರನ್ನು ಯಾರೂ ನಕ್ಷೆಯಲ್ಲಿ ಬರೆಯುವುದಿಲ್ಲ. ಕೋಟೆಯಲ್ಲಿ ಜನ ಬದುಕಿದ್ದ ಕಾಲದಲ್ಲಿ ಅಂಥ ಜಾಗ ದನ ಕುರಿಗಳ ಬಾಯಿಗೆ ಹೋಗುತ್ತಿತ್ತು. ಈಗ ಮೇಲೆ ಮ್ಯೂಸಿಯಂ, ಕೆಳಗೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಜನ. ಹುಲ್ಲು ಯಾರ ಪಾಲಿಗೂ ಇಲ್ಲ.

ಆದ್ದರಿಂದ ಯಾವುದೇ ಸ್ಮಾರಕದ ಅಂದಾಜು ಪಟ್ಟಿ ಮಾಡುವಾಗ, ಬೇಸಿಗೆಗೆ ಮುಂಚೆ ಸುತ್ತಲ ಹುಲ್ಲು ಸವರಲು ವರ್ಷಕ್ಕೆ ಇಷ್ಟು ಕೂಲಿ ಅಂತ ನಾನು ಒಂದು ಸಾಲು ಸೇರಿಸುತ್ತೇನೆ. ಇಡೀ ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಸಣ್ಣ ಮೊತ್ತ. ಕಡತ ವಾಪಸ್ ಬಂದಾಗ ಮೊದಲ ಕೆಂಪು ಗೀಟು ಬಿದ್ದಿರುವುದೂ ಅದರ ಮೇಲೆಯೇ.