ಕುಡಿಯದವರು ಮಿಕೊನೊಸ್‌ನ ಕಡಲಂಚಿನ ಬಾರಿಗೆ ಹೋಗಬಹುದೇ?

ಓದುಗರ ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಸೆಪ್ಟೆಂಬರ್‌ನಲ್ಲಿ ನಾವಿಬ್ಬರೂ ಹೋದಾಗ ಗ್ರೀಸ್‌ನ ಮಿಕೊನೊಸ್ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿ ‘ಲಿಟಲ್ ವೆನಿಸ್’ ಅನ್ನುವ ಕಡೆ ನೀರಿಗೆ ಅಂಟಿಕೊಂಡೇ ಇರುವ ಕಾಕ್‌ಟೇಲ್ ಬಾರಿನಲ್ಲಿ ಕೂತು ಸೂರ್ಯಾಸ್ತ ನೋಡಬೇಕಂತೆ. ನಮ್ಮ ಯಜಮಾನರು ಅಪರೂಪಕ್ಕೆ ಒಂದು ಬಿಯರ್ ಕುಡಿದಾರು. ನಾನು ಮುಟ್ಟುವವಳಲ್ಲ. ಇಬ್ಬರೂ ಸಸ್ಯಾಹಾರಿಗಳು. ನಮ್ಮಂಥವರನ್ನು ಅಲ್ಲಿ ಕೂರಲು ಬಿಡುತ್ತಾರೆಯೇ? ಬಿಲ್ಲು ಕೈ ಸುಡುತ್ತದೆಯೇ? — ಮೈಸೂರಿನ ಓದುಗರೊಬ್ಬರು

ಖಂಡಿತ ಬಿಡುತ್ತಾರೆ. ಬಿಲ್ಲು ಕೈ ಸುಡುವುದೂ ಖಂಡಿತವೇ. ಆದರೆ ಯಾವುದಕ್ಕೆ ಸುಡುತ್ತಿದೆ ಎನ್ನುವುದು ಮೊದಲೇ ಗೊತ್ತಿದ್ದರೆ ಅಷ್ಟು ಉರಿಯುವುದಿಲ್ಲ.

ಬಾರ್ ಅಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಮಬ್ಬು ಬೆಳಕು, ಮಸಾಲೆ ಕಡಲೆಬೀಜದ ತಟ್ಟೆ, ಹೆಂಗಸರು ತಲೆ ತಗ್ಗಿಸಿಕೊಂಡು ದಾಟುವ ಬಾಗಿಲು. ಗ್ರೀಸ್‌ನಲ್ಲಿ ಆ ಪದಕ್ಕೆ ಈ ಭಾರವಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟ ಜಾಗವೇ ಎಷ್ಟೋ ಕಡೆ ಸಂಜೆಗೆ ಬಾರ್ ಆಗಿರುತ್ತದೆ. ಒಂದು ಮೇಜಿನಲ್ಲಿ ಅಜ್ಜಿ, ಪಕ್ಕದಲ್ಲೇ ಐಸ್‌ಕ್ರೀಮ್ ತಿನ್ನುವ ಮೊಮ್ಮಗ. ಮದ್ಯ ಕೊಡುವುದು 18 ತುಂಬಿದವರಿಗೆ ಮಾತ್ರ, ಆದರೆ ಕೂರುವುದಕ್ಕೆ ಆ ನಿಯಮ ಅಡ್ಡ ಬರುವುದಿಲ್ಲ. ಒಂದು ಲೋಟ ತಣ್ಣನೆ ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹರಟುವುದು ಗ್ರೀಕರ ರಾಷ್ಟ್ರೀಯ ಹವ್ಯಾಸವೇ ಸರಿ. ನೊರೆನೊರೆಯಾದ ಅವರ ಫ್ರಾಪೆ ಕಾಫಿ ಹುಟ್ಟಿದ್ದು 1957ರಲ್ಲಿ, ಥೆಸಲೊನೀಕಿಯ ವಸ್ತುಪ್ರದರ್ಶನದಲ್ಲಿ. ಬಿಸಿನೀರು ಸಿಗದ ಮಾರಾಟ ಪ್ರತಿನಿಧಿಯೊಬ್ಬ ಇನ್‌ಸ್ಟಂಟ್ ಕಾಫಿಪುಡಿಯನ್ನು ತಣ್ಣೀರಿಗೇ ಹಾಕಿ ಕುಲುಕಿದ್ದನಂತೆ. ಈಗ ಅದರ ಜಾಗವನ್ನು ಬಹುಮಟ್ಟಿಗೆ ‘ಫ್ರೆಡ್ಡೊ ಎಸ್ಪ್ರೆಸೊ’ ಹಿಡಿದಿದೆ. ಮೈಸೂರಿನ ಫಿಲ್ಟರ್ ಕಾಫಿ ನಾಲಿಗೆಗೆ ಅದು ಕಹಿ ಅನ್ನಿಸಬಹುದು, ಸಕ್ಕರೆ ಕೇಳಿ ಹಾಕಿಸಿಕೊಳ್ಳಿ.

ಇನ್ನು ಲಿಟಲ್ ವೆನಿಸ್. ಊರಿನವರ ಬಾಯಲ್ಲಿ ಅದು ಅಲೆಫ್ಕಾಂದ್ರಾ. ಹದಿನೆಂಟನೇ ಶತಮಾನದಲ್ಲಿ ವ್ಯಾಪಾರಿಗಳು, ಹಡಗಿನ ಯಜಮಾನರು ಕಟ್ಟಿಸಿದ ಮನೆಗಳ ಸಾಲು ಇದು. ಗೋಡೆಯ ಬುಡ ಸಮುದ್ರದಲ್ಲೇ ಇದೆ. ಬಣ್ಣ ಬಳಿದ ಮರದ ಬಾಲ್ಕನಿಗಳು ನೀರಿನ ಮೇಲಕ್ಕೆ ಚಾಚಿಕೊಂಡಿವೆ. ಕದ್ದ ಮಾಲನ್ನು ಕಡಲ್ಗಳ್ಳರು ಕೆಳಗಿನ ಬಾಗಿಲುಗಳಿಂದ ಸೀದಾ ಮನೆಯೊಳಗೆ ಇಳಿಸುತ್ತಿದ್ದರು ಅನ್ನುವ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಕತೆ ಚೆನ್ನಾಗಿದೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆಯದೇ. ಸಮುದ್ರದ ಬಾಯಲ್ಲಿ ಮನೆ ಕಟ್ಟುವ ಧೈರ್ಯ ಅವರಿಗೆ ಬಂದದ್ದಾದರೂ ಹೇಗೆ? ಮಂಗಳೂರಿನ ಕಡೆ ಭರತ ಇಳಿತದ ನಡುವೆ ನೀರಿನ ಮಟ್ಟ ಒಂದು ಮೀಟರಿಗೂ ಹೆಚ್ಚು ಏರಿಳಿಯುವುದುಂಟು. ಮಿಕೊನೊಸ್ ಇರುವ ಏಜಿಯನ್ ಸಮುದ್ರದಲ್ಲಿ ಆ ಏರಿಳಿತ ಗೇಣುದ್ದದ ಲೆಕ್ಕದ್ದು. ಅದು ಸೇರಿರುವ ಮೆಡಿಟರೇನಿಯನ್ ಬಹುಪಾಲು ಮುಚ್ಚಿದ ಕಡಲು, ಹೊರಗಿನ ಮಹಾಸಾಗರದ ಉಬ್ಬರ ಜಿಬ್ರಾಲ್ಟರಿನ ಸಣ್ಣ ಕಂಡಿಯಲ್ಲಿ ತೂರಿ ಅಷ್ಟು ಒಳಗೆ ಬರಲಾರದು. ಹಾಗಾಗಿ ನಿಮ್ಮ ಮೇಜಿಗೂ ನೀರಿಗೂ ಎರಡು ಅಡಿ ಅಂತರವಿದ್ದರೆ ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ.

ಅಲೆಯ ಮಾತು ಮಾತ್ರ ಬೇರೆ, ಅದು ಗಾಳಿಯ ಕೆಲಸ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ‘ಮೆಲ್ಟೆಮಿ’ ಎಂಬ ಬಡಗಣ ಗಾಳಿ ದಿನಗಟ್ಟಲೆ ಬೀಸುತ್ತದೆ. ನಮ್ಮ ಆಷಾಢದ ಗಾಳಿಗೂ ಅದಕ್ಕೂ ದೂರದ ನೆಂಟಸ್ತಿಕೆಯಿದೆ. ಬೇಸಿಗೆಯಲ್ಲಿ ಬಾಲ್ಕನ್ ನಾಡುಗಳ ಮೇಲೆ ವಾಯುಒತ್ತಡ ಹೆಚ್ಚಿರುತ್ತದೆ, ಟರ್ಕಿಯ ಮೇಲೆ ಕಡಿಮೆ. ನಡುವೆ ಸಿಕ್ಕ ಏಜಿಯನ್ ಮೇಲೆ ಗಾಳಿ ನುಗ್ಗುತ್ತದೆ. ಟರ್ಕಿಯ ಮೇಲಿನ ಆ ಕಡಿಮೆ ಒತ್ತಡ, ನಮ್ಮ ಮುಂಗಾರನ್ನು ಎಳೆದು ತರುವ ಒತ್ತಡದ ತಗ್ಗು ಇದೆಯಲ್ಲ, ಅದರದೇ ಪಡುವಣ ಬಾಲ. ಕೊಡಗಿನಲ್ಲಿ ಮಳೆ ಹೊಯ್ಯುವಾಗ ಮಿಕೊನೊಸ್‌ನಲ್ಲಿ ಟೋಪಿ ಹಾರುವುದು ಸುಮ್ಮನೆ ಅಲ್ಲ. ಬಾರುಗಳ ಎಡಕ್ಕೆ ದಿಬ್ಬದ ಮೇಲೆ ಸಾಲಾಗಿ ನಿಂತ ಬಿಳಿಯ ಗಾಳಿಗಿರಣಿಗಳು ಹುಟ್ಟಿದ್ದೂ ಈ ಗಾಳಿಯನ್ನು ನಂಬಿಯೇ. ಗೋಧಿ, ಬಾರ್ಲಿ ಬೀಸಿ ಹಡಗುಗಳಿಗೆ ಮಾರುತ್ತಿದ್ದರು. ಗಾಳಿ ಬಂದಾಗ ತೂರಿಕೊಂಡವರು ಅವರು.

ನೀವು ಹೋಗುವ ಸೆಪ್ಟೆಂಬರ್‌ಗೆ ಗಾಳಿಯ ಸೊಕ್ಕು ಸಾಮಾನ್ಯವಾಗಿ ಇಳಿದಿರುತ್ತದೆ. ಆದರೂ ಬೀಸುವ ದಿನ ಬೀಸುತ್ತದೆ. ನಾನು ಹೋದಾಗ ತೀರಾ ಅಂಚಿನ ಕುರ್ಚಿಯೇ ಬೇಕೆಂದು ಹಟ ಹಿಡಿದು ಕೂತೆ. ಹತ್ತು ನಿಮಿಷದಲ್ಲಿ ಒಂದು ಅಲೆ ಗೋಡೆಗೆ ಬಡಿದು ಮೇಲೆದ್ದು ನನ್ನ ಬೂಟು, ಪ್ಯಾಂಟು, ನಿಂಬೆ ಷರಬತ್ತು ಮೂರಕ್ಕೂ ಉಪ್ಪು ಹಾಕಿ ಹೋಯಿತು. ಬಡಿಸುವ ಹುಡುಗ ಮೊದಲೇ ಕಣ್ಣಲ್ಲಿ ಹೇಳಿದ್ದ, ನನಗೇ ಅರ್ಥವಾಗಲಿಲ್ಲ. ಎರಡನೇ ಸಾಲು ಸಾಕು. ರೇಷ್ಮೆ ಸೀರೆ ಬೇಡ, ಹೆಗಲಿಗೊಂದು ಶಾಲು ಇರಲಿ.

ಈಗ ದುಡ್ಡಿನ ವಿಷಯ. ಅಲ್ಲಿ ಒಂದು ಕಾಕ್‌ಟೇಲ್‌ಗೆ ಹೆಚ್ಚುಕಡಿಮೆ 20 ಯುರೋ. ಯುರೋಗೆ ನೂರು ರೂಪಾಯಿ ಲೆಕ್ಕ ಹಿಡಿದರೂ ಎರಡು ಸಾವಿರ. ಮದ್ಯವಿಲ್ಲದ ಕಾಕ್‌ಟೇಲ್ ಅಗ್ಗವಿದ್ದೀತು ಅಂದುಕೊಳ್ಳಬೇಡಿ, ಅದೂ ಹತ್ತಿರಹತ್ತಿರ ಅದೇ ದರ. ಲೋಟದಲ್ಲಿರುವುದು ಬರೀ ಹಣ್ಣಿನ ರಸ, ಇದಕ್ಕೇಕೆ ಇಷ್ಟು ಎಂದು ಹೊಟ್ಟೆ ಉರಿಸಿಕೊಂಡರೆ ಸಂಜೆಯೇ ಹಾಳು. ನೀವು ಕೊಡುವುದು ಲೋಟಕ್ಕಲ್ಲ, ಕುರ್ಚಿಗೆ. ಸೂರ್ಯ ಮುಳುಗುವ ಎರಡು ಗಂಟೆ ಆ ಕುರ್ಚಿಯ ಬಾಡಿಗೆ ಅಷ್ಟು. ಹಾಗೆ ನೋಡಿದರೆ ಕುಡಿಯದವರಿಗೆ ಮೋಸವೇನೂ ಇಲ್ಲ. ಕುಡಿದವರೂ ಬಾಡಿಗೆಯನ್ನೇ ಕಟ್ಟುತ್ತಿದ್ದಾರೆ.

ಈ ಬಾಡಿಗೆ ಒಪ್ಪಿಗೆಯಾದರೆ ಸಮಯಕ್ಕೆ ಸರಿಯಾಗಿ ಹೋಗಿ. ಸೆಪ್ಟೆಂಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಸುಮಾರು 7:20ಕ್ಕೆ. ಆರು ಗಂಟೆಗೆ ಹೋದರೆ ಜಾಗ ಸಿಗುವ ಸಾಧ್ಯತೆಯಿದೆ, ಏಳಕ್ಕೆ ಹೋದರೆ ಬೇರೆಯವರ ಬೆನ್ನು ನೋಡಬೇಕಾದೀತು. ಕೆಲವು ಕಡೆ ಮುಂದಿನ ಮೇಜಿಗೆ ಇಷ್ಟು ಯುರೋ ಖರ್ಚು ಮಾಡಲೇಬೇಕೆಂಬ ಷರತ್ತಿರುತ್ತದೆ. ಕೂರುವ ಮೊದಲೇ ಕೇಳಿ, ನಾಚಿಕೆ ಬೇಡ. ಬಾಡಿಗೆ ಒಪ್ಪಿಗೆಯಾಗದಿದ್ದರೆ ಗಾಳಿಗಿರಣಿಯ ದಿಬ್ಬ ಇದ್ದೇ ಇದೆ. ಅದೇ ಸೂರ್ಯ, ಅದೇ ಕಡಲು, ಜೊತೆಗೆ ಲಿಟಲ್ ವೆನಿಸ್ ಪೂರ್ತಿ ಕಾಣುತ್ತದೆ, ಮತ್ತು ಪುಕ್ಕಟೆ. ನಿಜ ಹೇಳಬೇಕೆಂದರೆ ಸೂರ್ಯಾಸ್ತದ ಒಳ್ಳೆಯ ನೋಟ ಆ ದಿಬ್ಬದ್ದೇ. ಬಾರಿನಲ್ಲಿ ಸಿಗುವುದು ಕಾಲಬುಡದ ನೀರಿನ ಸದ್ದು.

ಏನು ತರಿಸಬೇಕು? ‘ಹೊರೀಸ್ ಅಲ್ಕೊಓಲ್’ ಅಂದರೆ ಮದ್ಯ ಬೇಡ ಎಂದು. ಹುಳಿ ಚೆರ್ರಿಯ ‘ವಿಸಿನಾದಾ’ ಇದ್ದರೆ ಅದನ್ನೇ ಕೇಳಿ, ಕೋಕಂ ಷರಬತ್ತು ಇಷ್ಟಪಡುವವರಿಗೆ ಹಿಡಿಸುತ್ತದೆ. ಯಜಮಾನರಿಗೆ ಬಿಯರ್ ಸಾಕೆನಿಸಿದರೆ ಸರಿ, ಊರಿನ ರುಚಿ ನೋಡುವ ಆಸೆಯಿದ್ದರೆ ‘ಊಜೊ’ ಇದೆ. ಸೋಂಪಿನ ಪರಿಮಳದ ತಿಳಿಯಾದ ಮದ್ಯ, ನೀರು ಬೆರೆಸಿದೊಡನೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಸೋಂಪಿನ ಎಣ್ಣೆ ಮದ್ಯದಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು, ಅದಕ್ಕೆ. ಕಾಕ್‌ಟೇಲ್‌ಗಳಲ್ಲಿ ‘ಮಸ್ತೀಹಾ’ ಎಂಬ ಹೆಸರೂ ಕಂಡೀತು. ಅದು ಕಿಯೊಸ್ ದ್ವೀಪದ ಮರವೊಂದರ ಅಂಟಿನಿಂದ ಬರುವ ಪರಿಮಳ. ಯುನಾನಿ ಅಂಗಡಿಯ ರೂಮಿ ಮಸ್ತಕಿ ಅಂದರೆ ಇದೇ.

ಊಟ ನಿಮಗೆ ಕಷ್ಟವಾಗದು. ‘ನಿಸ್ತೀಸಿಮೊ’ ಎಂಬ ಒಂದು ಪದ ನೆನಪಿಟ್ಟುಕೊಳ್ಳಿ, ಅದು ಅವರ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ, ಅದನ್ನು ಬಿಡಿಸಿ ಕೇಳಲೇಬೇಕು. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿದ ‘ಫಾವಾ’ ನಮ್ಮ ತೊವ್ವೆಯ ತಂಗಿ. ಮಿಕೊನೊಸ್‌ನಲ್ಲಿ ಹೆಸರಾದದ್ದು ‘ಕೊಪಾನಿಸ್ತಿ’ ಎಂಬ ಖಾರದ ಚೀಸ್. ಖಾರ ಮೆಣಸಿನದಲ್ಲ, ಹುಳಿತು ಮಾಗಿದ್ದರದು.

ಬಿಲ್ಲು ಬಂದಾಗ ಅವಸರ ಬೇಡ. ಪಟ್ಟಿಯಲ್ಲಿ ಬರೆದ ದರದಲ್ಲೇ ತೆರಿಗೆ ಸೇರಿರುತ್ತದೆ, ಮೇಲೆ ಮತ್ತೆ ಸೇರಿಸುವಂತಿಲ್ಲ. ರಸೀದಿ ಕೊಡದಿದ್ದರೆ ಗ್ರಾಹಕ ದುಡ್ಡು ಕೊಡಬೇಕಿಲ್ಲ ಎಂದು ಗ್ರೀಸ್‌ನ ಕಾನೂನೇ ಹೇಳುತ್ತದೆ, ಆ ಸೂಚನೆ ಮೆನುವಿನಲ್ಲಿ ಅಚ್ಚಾಗಿರುತ್ತದೆ. ರಸೀದಿಗೆ ‘ಅಪೋದಿಕ್ಸಿ’ ಅನ್ನುತ್ತಾರೆ. ಜಗಳವೇ ಆದರೆ ಪ್ರವಾಸಿ ಪೊಲೀಸರ ಸಂಖ್ಯೆ 1571. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟು ಬಂದರೆ ಸಂತೋಷಪಡುತ್ತಾರೆ.

ಒಂದು ಎಚ್ಚರಿಕೆ. ದ್ವೀಪದಲ್ಲಿ ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ಮಗಳು ತೆಗೆದುಕೊಂಡರೂ ತೆಗೆದುಕೊಂಡಾಳು. ಕಾರು ಓಡಿಸುವವರಿಗೆ ಒಂದು ಲೀಟರ್ ರಕ್ತದಲ್ಲಿ 0.5 ಗ್ರಾಂ ಮದ್ಯದವರೆಗೆ ವಿನಾಯಿತಿ ಇದೆ, ದ್ವಿಚಕ್ರದವರಿಗೆ ಮಾತ್ರ 0.2. ನಮ್ಮ ದೇಶದ ಮಿತಿ 0.3, ದ್ವಿಚಕ್ರದ ಈ ಮಿತಿ ಅದಕ್ಕಿಂತಲೂ ಬಿಗಿ. ಯಜಮಾನರು ಬಿಯರ್ ಮುಗಿಸಿ ಎದ್ದರೆ ಸ್ಕೂಟರಿನ ಕೀಲಿ ವಿಸಿನಾದಾ ಕುಡಿದವರ ಕೈಯಲ್ಲಿರಲಿ.